ಷರಾ

ಮಾರ್ಚ್ ಬಂತೆಂದರೆ ನನ್ನ ಮೇಜಿನ ಮೇಲೆ ಎರಡು ಪಟ್ಟಿ:
ಒಂದು ರದ್ದಿಗೆ, ಒಂದು ರಟ್ಟಿಗೆ.
ಒಂಟಿಕೊಪ್ಪಲಿನ ಈ ವಾಚನಾಲಯಕ್ಕೆ
ಬೈಂಡಿಂಗಿಗೆಂದು ಬರುವ ದುಡ್ಡು ನಲವತ್ತು ಪುಸ್ತಕಕ್ಕೆ ಸಾಕು.
ಬೆನ್ನು ಮುರಿದವು ಮುನ್ನೂರು.

ಯಾವುದು ಉಳಿಯಬೇಕು? ಯಾರೂ ಹೇಳಿಕೊಟ್ಟಿಲ್ಲ.
ಗಂಗೋತ್ರಿಯಲ್ಲಿ ಆ ಬಗ್ಗೆ ಎರಡು ದಿನ ಗೋಷ್ಠಿ ನಡೆಯಿತಂತೆ,
ಊಟ ಚೆನ್ನಾಗಿತ್ತು ಎಂದರು ಹೋಗಿಬಂದವರು.
ಕಾಲವನ್ನು ಗೆದ್ದದ್ದು ಉಳಿಯುತ್ತದೆ ಎಂದು ತೀರ್ಮಾನವಾಯಿತಂತೆ.
ಕಾಲ ನನಗೆ ಗೊತ್ತು.
ಬೆಳ್ಳಿ ಬಣ್ಣದ ಸಣ್ಣ ಹುಳ ಅದು,
ಅಂಟಿನ ರುಚಿಗೆ ಬರುತ್ತದೆ,
ಒಳಗಿನ ಮಾತು ಹೇಗಿದೆಯೆಂದು ನೋಡುವುದಿಲ್ಲ.

ಚಿನ್ನದ ಅಕ್ಷರದ ಸಂಪುಟಗಳು ಮೇಲಿನ ಕಪಾಟಿನಲ್ಲಿ
ಇಪ್ಪತ್ತು ವರ್ಷದಿಂದ ಹೊಸದಾಗೇ ಇವೆ.
ಅವಕ್ಕೆ ಬೈಂಡಿಂಗ್ ಬೇಡ. ಅವಕ್ಕೆ ಏನೂ ಬೇಡ.
ಹಾಗಂತ ಹರಿದದ್ದೆಲ್ಲ ದೊಡ್ಡದೂ ಅಲ್ಲ:
ಉಪ್ಪಿನಕಾಯಿ ಹಾಕುವ ಪುಸ್ತಕ, ಎಸ್ಸೆಸ್ಸೆಲ್ಸಿ ಗೈಡು,
ಹಳೇ ಪಂಚಾಂಗ,
ಇವೂ ಚಿಂದಿಯಾಗಿಯೇ ಬರುತ್ತವೆ.

ಮಂಡಿ ಮೊಹಲ್ಲಾದಲ್ಲಿ ಇನಾಯತ್ ಸಾಹೇಬರು
ಮೈದಾ ಅಂಟಿಗೆ ಮೈಲುತುತ್ತ ಕಲಸುತ್ತ ಕೂತಿದ್ದರು.
ನನ್ನ ಗಂಟಿನಿಂದ ಒಂದು ಕಾದಂಬರಿ ಎತ್ತಿ, ಬೆನ್ನು ಸವರಿ,
"ಇವನು ಹಳೇ ಗಿರಾಕಿ" ಎಂದರು.
"ನಮ್ಮ ಅಬ್ಬಾ ಹಾಕಿದ ಹೊಲಿಗೆ ಒಂದು, ನನ್ನದು ಎರಡು.
ದಾರ ಬೇರೆ ಬೇರೆ, ತೂತು ಅದೇ."

ಆಮೇಲೆ, ನಡುವೆ ಒಂದು ಹಾಳೆ ಇಲ್ಲವೆಂದರು.
ನೂರಾ ಹನ್ನೊಂದು, ನೂರಾ ಹನ್ನೆರಡು.
ಯಾರು ಕಿತ್ತರೋ, ಯಾವಾಗಲೋ.
ಆ ಜಾಗದಲ್ಲಿ ಮೂರು ಚೀಟಿ.

ಒಂದು ಕಾಪಿಪುಸ್ತಕದ ಗೆರೆ ಹಾಳೆ, ದುಂಡು ಅಕ್ಷರ:
ಗಂಡ ಹೊರಟುಹೋದ ಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಇನ್ನೊಂದು ಮಂಡ್ಯದ ಸಕ್ಕರೆ ಕಾರ್ಖಾನೆಯ ತೂಕದ ಚೀಟಿ,
ಹಿಂದುಗಡೆ ಪೆನ್ಸಿಲಿನಲ್ಲಿ:
ಅಳಾಕಿಲ್ಲ ಕಣ್ರಪ್ಪ ಅವ್ಳು. ನಾ ಮೂರ್ ಸಲ ಓದಿವ್ನಿ.
ದೀಪ ಹಚ್ಚಿ ಬಾಗ್ಲತಾವೇ ಕುಂತ್ಕತಳೆ, ಬೆಳಗಾಗಗಂಟ.

ಮೂರನೆಯದು ಔಷಧಿ ಅಂಗಡಿಯ ಕವರು, ಅವಸರದ ಕೈ:
ಇಬ್ಬರೂ ತಪ್ಪು. ಅವಳೂ ಹೊರಟಳು.
ಚಪ್ಪಲಿ ಹುಡುಕಿದ್ದು ನನಗೆ ಚೆನ್ನಾಗಿ ನೆನಪಿದೆ.

ನೂರಾ ಹದಿಮೂರು ತೆರೆದರೆ ಹತ್ತು ವರ್ಷ ಕಳೆದಿರುತ್ತದೆ,
ಅದು ಯಾರ ಪರವೂ ಸಾಕ್ಷಿ ಹೇಳುವುದಿಲ್ಲ.
ನನಗೂ ಒಂದು ನೆನಪಿತ್ತು. ಬಾಯಿ ಬಿಡಲಿಲ್ಲ.

"ಯಾವುದನ್ನ ಹೊಲೀಲಿ ಮೇಡಂ?"
ಸೂಜಿಗೆ ದಾರ ಪೋಣಿಸಿಯಾಗಿತ್ತು.

ಬಸ್ಸು ಹತ್ತಿ ಗಂಗೋತ್ರಿಗೆ ಹೋದೆ, ಅದೇ ಮುದ್ರಣ ಹುಡುಕಿಸಿ
ಜೆರಾಕ್ಸ್ ತಂದೆ, ಪುಟಕ್ಕೆ ಎರಡು ರೂಪಾಯಿ.
ಮೂಲದಲ್ಲಿ ಅವಳು ಅಳುವುದಿಲ್ಲ, ಕೂತು ಕಾಯುವುದಿಲ್ಲ, ಹೊರಡುವುದಿಲ್ಲ.
ಅಕ್ಕಿ ಆರಿಸುತ್ತಾಳೆ.
ಮೊರದಲ್ಲಿ ಎಷ್ಟು ಕಲ್ಲು ಸಿಕ್ಕಿತೆಂದು
ಬರೆದವರು ಎಣಿಸಿಟ್ಟಿದ್ದಾರೆ: ಹನ್ನೊಂದು.
ಅಷ್ಟೇ.

ಬಸ್ಸಿನಲ್ಲಿ ಅದನ್ನೇ ನಾಲ್ಕು ಸಲ ಓದಿ
ನನ್ನ ನಿಲ್ದಾಣ ದಾಟಿಹೋಯಿತು.

ಸಾಹೇಬರು ನಾಲ್ಕನ್ನೂ ತೊಡೆಯ ಮೇಲೆ ತಟ್ಟಿ ಸಮ ಮಾಡಿದರು.
"ಒಂದು ತೆಗೆದರೂ ಹೊಲಿಗೆ ಸಡಿಲ."
ಕಸುಬಿನ ಮಾತೋ, ಬೇರೆಯೋ, ಕೇಳಲಿಲ್ಲ.

ಪುಸ್ತಕ ಈಗ ಸ್ವಲ್ಪ ದಪ್ಪ.
ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ,
ನೂರಾ ಹನ್ನೊಂದರ ಹತ್ತಿರ ತುಸು ಬಾಯಿ ಬಿಟ್ಟಿರುತ್ತದೆ.

ರಿಜಿಸ್ಟರಿನ ಕೊನೆಗೆ ಷರಾ ಎಂಬ ಕಾಲಂ.
ಪುಟ ಹರಿದಿದೆ, ಪುಟ ಕಾಣೆ, ಹುಳ ತಿಂದಿದೆ,
ಇವಕ್ಕೆಲ್ಲ ರಬ್ಬರ್ ಸ್ಟಾಂಪೇ ಇದೆ.
ಇದಕ್ಕೆ ಕೈಯಲ್ಲೇ ಬರೆದೆ: ಮೂರು ಹಾಳೆ ಹೆಚ್ಚಾಗಿದೆ.

ಪಕ್ಕದಲ್ಲಿ ಆಡಿಟಿನವರು
ಕೆಂಪು ಶಾಯಿಯಲ್ಲಿ ಕೇಳಿದ್ದಾರೆ:
ಹೇಗೆ?

ಉತ್ತರಕ್ಕೆ ಹದಿನೈದು ದಿನ. ಇವತ್ತು ಹನ್ನೆರಡನೆಯದು.
ಇನ್ನೊಮ್ಮೆ ನೋಡಿಯಾದರೂ ಬರೆಯೋಣವೆಂದರೆ
ಪುಸ್ತಕ ಕಪಾಟಿನಲ್ಲಿಲ್ಲ,
ಯಾರೋ ಒಯ್ದಿದ್ದಾರೆ.