ನಲವತ್ತೇಳರ ಅಕ್ಕ

ಪ್ರಬಂಧದ ಎರಡನೇ ಚಿತ್ರದಲ್ಲಿ ಒಂದು ಗೆರೆ ಇದೆ,
ಎಡದಿಂದ ಬಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು,
ರಾಯಚೂರು ಕೋಟೆಯ ಗುಡ್ಡದಿಂದ
ಮೊಣಕಾಲು ನೋವಿನವರು ಇಳಿದಂತೆ
ತುಸು ನಿಂತು, ತುಸು ಇಳಿದು.

ಒಂದು ಮೆಟ್ಟಿಲೆಂದರೆ ಒಂದು ಕಿಡ್ನಿ ನಿಂತಿತು,
ಅಥವಾ ಅದನ್ನು ಹೊತ್ತವರು.
ಇಳಿಯದ ಕಡೆ ಅಲ್ಲಲ್ಲಿ ಒಂದು ಸಣ್ಣ ಗೀಟು:
ಇಲ್ಲಿಯವರೆಗೆ ಇದ್ದರು. ಮುಂದೆ ಗೊತ್ತಿಲ್ಲ.

ನೂರಾ ಹನ್ನೆರಡು ಜನ, ಹತ್ತೊಂಬತ್ತು ಗೀಟು.
ಗೊತ್ತಿಲ್ಲ ಅನ್ನುವುದನ್ನು
ಇಷ್ಟು ಚೊಕ್ಕವಾಗಿ ಬರೆಯಲು ಕಲಿಸಿದ ಗಣಿತಕ್ಕೆ ನಾನು ಋಣಿ.
ಆದರೂ ಏಪ್ರಿಲ್ಲಿನ ಒಂದು ಶನಿವಾರ
ನಲವತ್ತೇಳನೇ ನಂಬರಿನ ಗೀಟನ್ನು ಹುಡುಕುತ್ತ
ಮಾನ್ವಿ ಬಸ್ಸು ಹತ್ತಿದೆ.

ಹುಸೇನಪ್ಪ ಕ್ರಾಸಿನಲ್ಲೇ ಸಿಕ್ಕ.
ಟ್ಯೂಬನ್ನು ಬೋಗುಣಿಯ ನೀರಲ್ಲಿ ಅದ್ದಿ
ಗುಳ್ಳೆ ಎಲ್ಲಿ ಏಳುತ್ತದೆಂದು
ನಾನು ನೋಡಿದ ಯಾವ ಪ್ರೊಫೆಸರಿಗಿಂತ ತಾಳ್ಮೆಯಿಂದ ನೋಡುತ್ತಿದ್ದ.
‘ಸಿಮ್ ಬದಲಾತ್ರಿ ಮೇಡಂ. ಅಷ್ಟ.’

ಮೂರು ವರ್ಷ ನನ್ನ ಪಟ್ಟಿಯಲ್ಲಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ
ಎಂದು ನೇತಾಡಿದವನು ಎದ್ದು ಕೈ ಒರೆಸಿಕೊಂಡ.

ಮುಂಜಾನೆ ಎಂಟರ ಸಿಂಧನೂರು ಬಸ್ಸು ಹಾರ್ನ್ ಹೊಡೆದರೆ ಒಂದು ಗುಳಿಗೆ,
ಅದೇ ಬಸ್ಸು ರಾತ್ರಿ ತಿರುಗಿ ಬಂದರೆ ಇನ್ನೊಂದು.
ಬಸ್ಸು ಕೆಟ್ಟರೆ?
‘ಡ್ರೈವರ್ ಫೋನ್ ಮಾಡ್ತಾನ್ರಿ.’

ಮೂವತ್ತು ಡಿಗ್ರಿಯ ಒಳಗಿಡಿ, ಎನ್ನುತ್ತದೆ ಡಬ್ಬಿಯ ಮೇಲಿನ ಅಕ್ಷರ.
ಹೊರಗೆ ನಲವತ್ಮೂರು, ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.
ಅವನ ಮನೆಯಲ್ಲಿ ನೀರಿನ ಗಡಿಗೆಯ ಕೆಳಗೆ ಹಸಿ ಮರಳು,
ಮರಳಿನಲ್ಲಿ ಹೂತ ಸ್ಟೀಲ್ ಡಬ್ಬಿ.
ಥರ್ಮಾಮೀಟರ್ ಇಟ್ಟು ನೋಡಿದೆ. ಇಪ್ಪತ್ತೆಂಟು.
ಬರೆದುಕೊಂಡೆ. ನಾಚಿಕೊಂಡೂ ಬರೆದುಕೊಂಡೆ.

ಮಜ್ಜಿಗೆ ತಂದವಳು ಮೌನಮ್ಮ.
‘ಕೊಟ್ಟಾಕಿ ಈಕಿನ್ರಿ, ನಮ್ಮಕ್ಕ.’

ನನ್ನ ಪ್ರಬಂಧದಲ್ಲಿ ಇವಳಿದ್ದಾಳೆ, ಇಲ್ಲವೆನ್ನಲಾರೆ:
ಸಂಬಂಧಿ ದಾನಿ, ಸ್ತ್ರೀ, ವಯಸ್ಸು ನಲವತ್ತೊಂದು.
ಅಲ್ಲಿಗೆ ಸಾಲು ಮುಗಿದು ಮುಂದಿನ ಕಾಲಮ್ಮುಗಳೆಲ್ಲ ಅವನವು:
ಕ್ರಿಯಾಟಿನಿನ್, ಸೋಂಕು, ಔಷಧದ ಮಟ್ಟ,
ಮೊದಲ ವರ್ಷ, ಮೂರನೆಯದು, ಐದನೆಯದು.

ಲೋಟ ಕೈಗಿಟ್ಟು ಆಕೆ ಕೇಳಿದಳು,
‘ನನ್ನಿಂದ ಹೋದದ್ದು ಹ್ಯಾಂಗೈತಿ ಅಂತ ನೋಡಾಕ
ಇಷ್ಟು ಬಿಸಿಲಾಗ ಬಂದೀರಿ.
ನನ್ನತ್ರ ಒಂದು ಉಳದೈತಲ್ರಿ.
ಅದು ಹ್ಯಾಂಗೈತಿ?’

ಚೀಲದಲ್ಲಿ ಬಿ.ಪಿ. ಯಂತ್ರವಿತ್ತು, ತಮ್ಮನಿಗೆಂದು ತಂದದ್ದು.
ಹಸಿರು ಬಳೆಗಳನ್ನು ಮೊಣಕೈ ಕಡೆ ಸರಿಸಲು ಹೋದರೆ
ಬಳೆ ಸರಿಯಲಿಲ್ಲ, ತೋಳಿನ ಮೇಲುಭಾಗಕ್ಕೇ ಪಟ್ಟಿ ಸುತ್ತಿದೆ.
ಅಕ್ಕಿ ಮಿಲ್ಲಿನಲ್ಲಿ ಮೂಟೆ ಎಳೆದ ತೋಳು; ಪಟ್ಟಿ ಸಾಲದಾಯಿತು ಇನ್ನೇನು.
ನೂರಾ ಐವತ್ತೆಂಟು.
ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದೆ.
ನೂರಾ ಐವತ್ತಾರು.

‘ಸೋಮವಾರ ಆಸ್ಪತ್ರೆಗೆ ಬನ್ನಿ.’
‘ಸೋಮವಾರ ಲಾರಿ ಲೋಡಿಂಗ್ ಐತ್ರಿ.’
‘ಮಂಗಳವಾರ?’
ತಮ್ಮನ ಕಡೆ ನೋಡಿದಳು. ಅವನು ಬೋಗುಣಿಯ ಕಡೆ ನೋಡುತ್ತಿದ್ದ.

ತಿರುಗಿ ಬರುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆದು
ನಲವತ್ತೇಳರ ಗೀಟನ್ನು ಮೂರು ವರ್ಷ ಬಲಕ್ಕೆ ಎಳೆದೆ.
ಗೆರೆ ಕೂದಲೆಳೆಯಷ್ಟು ಮೇಲೆದ್ದಿತು.
ಇಂಥ ಸುಖಕ್ಕೇ ಅಲ್ಲವೆ ಈ ಕೆಲಸಕ್ಕೆ ಬಂದದ್ದು.
ಆದರೆ ಕೈ ಅಲ್ಲಿ ನಿಲ್ಲಲಿಲ್ಲ,
ದಾನಿಗಳ ಸಾಲಿನಲ್ಲಿ ‘ಸ್ತ್ರೀ’ ಎಂದು ಎಷ್ಟಿದೆಯೋ ಎಣಿಸಿತು:
ಎಪ್ಪತ್ತೊಂಬತ್ತು.
ಅಮ್ಮ, ಹೆಂಡತಿ, ಅಕ್ಕ, ಅಮ್ಮ, ಹೆಂಡತಿ, ಹೆಂಡತಿ.
ಒಬ್ಬರ ಫೋನ್ ನಂಬರೂ ನನ್ನಲ್ಲಿರಲಿಲ್ಲ.
ಇವರಿಗೆ ಗೀಟು ಕೂಡ ಹಾಕಿರಲಿಲ್ಲ.

ಮಂಗಳವಾರ ಆಕೆ ಬರಲಿಲ್ಲ.
ಬುಧವಾರ ಬಂದಳು, ಓಪಿಡಿ ಮುಚ್ಚುವ ಹೊತ್ತಿಗೆ,
ಮೂತ್ರದ ಬಾಟಲಿಯನ್ನು ರೊಟ್ಟಿ ಗಂಟಿನ ಪಕ್ಕ ಮುಚ್ಚಿಟ್ಟುಕೊಂಡು.
ಗುಮಾಸ್ತ ಕೇಳಿದ, ‘ಪೇಷಂಟ್ ಯಾರು?’
ಆಕೆ ನನ್ನ ಮುಖ ನೋಡಿದಳು.
ಹೊಸ ಹಾಳೆ ತೆಗೆದು
ಒಂದು ಎಂದು ಬರೆದೆ.