ಇಳಿಜಾರು

ಹೊಸ ಮೀನು ಮಾರುಕಟ್ಟೆಯ ಅರ್ಜಿಯಲ್ಲಿ ಹನ್ನೆರಡು ಕಾಲಂ.
ಮೂರನೆಯದರಲ್ಲೇ ನಿಂತುಬಿಟ್ಟಳು ಶಾಂತೇರಿ ತಾಂಡೇಲ:
ಕಾಯಂ ವಿಳಾಸ.

"ಯಾವ್ದು ಹೇಳೂದು? ಬೇಲಿ ಒಳಗಿಂದೊ, ಹೊರಗಿಂದೊ?"
ಒಳಗೆ ಅವಳ ಬಾವಿ, ಬಾವಿಗೀಗ ಪಹರೆ.
ಹೊರಗೆ ಕಾಲನಿ; ಅಲ್ಲಿಂದ ಸಮುದ್ರಕ್ಕೆ ಎರಡು ಬಸ್ಸು.
ಖಾಲಿ ಬಿಟ್ಟರೆ ಕಂಪ್ಯೂಟರು ಒಪ್ಪುವುದಿಲ್ಲ.
ನಾನು ನಗರಸಭೆಯ ಗುಮಾಸ್ತ,
'ಕಾರವಾರ' ಎಂದಷ್ಟೇ ಬರೆದೆ.
ಎಲ್ಲರದೂ ಅದೇ ಊರಲ್ಲವೇ?
ಅವಳು ನಕ್ಕ ರೀತಿ ನನಗೆ ಇನ್ನೂ ಜೀರ್ಣವಾಗಿಲ್ಲ.

ಮೆಣಸಿನ ಹಡಗುಗಳ ಕಾಲದಿಂದ ತೂಗುತ್ತಲೇ ಬಂದ ಊರು;
ತಕ್ಕಡಿ ಮಾತ್ರ ಯಾರದೋ.
ಈಗ ಇಸವಣ ದಕ್ಕೆಯಲ್ಲೇ ಥರ್ಮಾಕೋಲು ಹೊದ್ದು
ಹಿಗ್ಗಿದ ಹೆದ್ದಾರಿ ಹಿಡಿಯುತ್ತದೆ.
ಇವಳ ಬುಟ್ಟಿಗೆ ತಾರ್ಲೆ,
ಕರಗುವ ಐಸು,
ನಾಲ್ಕು ವರ್ಷದಿಂದ 'ತಾತ್ಕಾಲಿಕ'ವಾದ ಒಂದು ತಗಡು.

ನಿನ್ನೆ ಕಟ್ಟಡ ತೋರಿಸಲು ಕರೆದೊಯ್ದೆವು.
ಟೈಲ್ಸು, ಫ್ಯಾನು,
ಉದ್ಘಾಟನೆಯ ಕಲ್ಲಿನಲ್ಲಿ ತಾರೀಖಿನ ಜಾಗ ಖಾಲಿ.
(ಕಲ್ಲು ಒಪ್ಪುತ್ತದೆ, ಖಾಲಿ ಬಿಟ್ಟರೂ.)
ಉಳಿದವರು ತಮ್ಮ ನಂಬರು ಹುಡುಕುತ್ತಿದ್ದಾಗ
ಅವಳು ಚೊಂಬಿನ ನೀರನ್ನು ಕಟ್ಟೆಯ ಮೇಲೆ ಸುರಿದು
ಕಾದಳು.

ನೀರು ಗಟಾರದ ಕಡೆ ಹೋಗಲಿಲ್ಲ.
ಒಂದು ಗಳಿಗೆ ಯೋಚಿಸಿ, ಮೆಲ್ಲಗೆ ತಿರುಗಿ,
ಕೂತು ಮಾರುವವಳ ಕಾಲಿಗೇ ಬಂತು.

"ಕಂಡ್ರಾ? ನೀರಿಗೆ ನನ್ನ ವಿಳಾಸ ಗೊತ್ತದೆ."

ಇಂಜಿನಿಯರು ಫೋನಿನಲ್ಲಿದ್ದರು.
ನಾನು ನಕ್ಷೆಯ ಅಂಚಿನಲ್ಲಿ ಬರೆದೆ:
ಇಳಿಜಾರು ತಿರುಗಿಸಬೇಕು. ಇಪ್ಪತ್ತೆರಡೂ ಕಟ್ಟೆ.
ಅವಳಿಗೆ ಓದು ಬಾರದು. ಆದರೂ ಬಗ್ಗಿ,
ಅಕ್ಷರದ ಮೇಲೆ ಒದ್ದೆ ಹೆಬ್ಬೆರಳು ಎಳೆದು ನೋಡಿದಳು.
"ಇದು ಪೆನ್ಸಿಲು. ಪೆನ್ನು ಇಲ್ವಾ ನಿಮ್ಮತ್ರ?"

ಇತ್ತು.
ಕಿಸೆಯಲ್ಲೇ ಇತ್ತು.