ಹದಿನಾರು ತಂತಿ

ವಾರ್ಸಾದ ನೆಲಮಾಳಿಗೆ. ಬೊಗುಮಿಲಾ ಬೆಳಗಿನಿಂದ
ಕೂದಲಿಗಿಂತ ಸಪೂರ ತಂತಿ ಕಟ್ಟುತ್ತಿದ್ದಾಳೆ,
ಉಸಿರು ತಾಗಿದರೂ ಅಲ್ಲಾಡುವ ಹದಿನಾರು,
ತುದಿಗೆ ಒಂದೊಂದು ಸೀಸದ ಗುಂಡು.
ಅಜ್ಜಿ ಕೊನಿಯಾಕೂಫ್‌ನಲ್ಲಿ ಲೇಸು ಹೆಣೆಯುತ್ತಿದ್ದಳಂತೆ;
ಅದು ನೂರು ವರ್ಷ ಬಾಳುವಂಥದ್ದು.

ಸೈರನ್. ಎಲ್ಲರೂ ಗೋಡೆಯಾಚೆ.
ಕೆಪಾಸಿಟರುಗಳು ಗಂಟಲು ಸರಿಮಾಡಿಕೊಂಡವು.
ಢಂ!
ನೆಲ ಒಮ್ಮೆ ಬೆಚ್ಚಿತು. ಅಷ್ಟೆ.

ಚಿತ್ರದಲ್ಲಿ ಹೆಬ್ಬೆರಳುದ್ದದ ಬೆಳಕಿನ ಬುಗ್ಗೆ.
ಹುಟ್ಟುವ ನಕ್ಷತ್ರ ಜ್ಯೋತಿರ್ವರ್ಷದುದ್ದ ಉಗುಳುವುದು ಇದನ್ನೇ,
ಬಾಗು, ಗಂಟು ಎಲ್ಲ ಹಾಗೇ, ಎಂದ ಡಾಕ್ಟರ್ ವ್ರೋನಾ.
ಅವಳು ಕನ್ನಡಕ ಏರಿಸಿ ನೋಡಿದಳು:
"ಸ್ವಲ್ಪ ಎಡಕ್ಕೆ ವಾಲಿದೆ.
ಏಳನೆಯ ತಂತಿ. ನಾನಾಗ ಸೀನಿದ್ದೆ."

ಮಸಿ ಒರೆಸಿ, ಮತ್ತೆ ಮೊದಲ ತಂತಿಗೆ ಕೈಹಾಕಿದಳು.
ಆಕಾಶದಲ್ಲೂ ಒಂದು ವಾಲಿದೆಯಂತೆ.
ಅಲ್ಲಿ ಸೀನಿದ್ದು ಯಾರೋ.